ಒಂದು ಚೌತಿಯ ಹಾಡು

ಗಡಿಯಾಚೆಯ ಕೊಲ್ಹಾಪುರ ಜಿಲ್ಲೆಯ ನಾಂದಣಿ, ಇಚಲಕರಂಜಿ, ಗಡಹಿಂಗ್ಲಜ ಸೀಮೆಯಲ್ಲಿ ಮೆರವಣಿಗೆ ಅಂದರೆ ಹುಡುಗರು ಮೊದಲು ಕೇಳುವುದು ‘ಡಾಲ್ಬಿ ಯಾರದು?’ ಎಂದೇ. ಕನ್ನಡದವರಿಗೂ ಮರಾಠಿಯವರಿಗೂ ಪದ ಒಂದೇ. ರೇ ಡಾಲ್ಬಿ 1965ರಲ್ಲಿ ಕಟ್ಟಿದ ಕಂಪನಿ ಹೆಸರಾದದ್ದು ಟೇಪಿನ ಸರ್‌ಸರ್ ಸದ್ದನ್ನು ಅಡಗಿಸಿ. ಇಲ್ಲಿ ಆ ಹೆಸರು ಟ್ರಾಲಿಯ ಮೇಲೆ ಗೋಡೆಯಂತೆ ಪೇರಿಸಿದ, ಎದೆಗೂಡು ನಡುಗಿಸುವ ಸ್ಪೀಕರುಗಳಿಗೆ ಅಂಟಿಕೊಂಡಿದೆ!

ಡಾಲ್ಬಿಗಿಂತ ಮೊದಲು ಬೀದಿ ಆಳಿದ್ದು ‘ಬ್ಯಾಂಜೊ’. ಅದು ಅಮೆರಿಕದ ಬ್ಯಾಂಜೊ ಅಲ್ಲ, ಬುಲ್‌ಬುಲ್ ತರಂಗ. ಜಪಾನಿನ ನಗೋಯಾದಲ್ಲಿ 1912ರಲ್ಲಿ ಹುಟ್ಟಿದ ತೈಶೊಗೊತೊ ವಾದ್ಯದ ಕುಡಿ. ಎಡಗೈ ಬೆರಳುಗಳು ಟೈಪ್‌ರೈಟರಿನಂಥ ಗುಂಡಿ ಒತ್ತುತ್ತವೆ, ಬಲಗೈ ತಂತಿ ಮೀಟುತ್ತದೆ. ಅದನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿ, ಜೊತೆಗೆ ಕೀಬೋರ್ಡು, ಆಕ್ಟೊಪ್ಯಾಡು ಕೂಡಿಸಿದರೆ ಬ್ಯಾಂಜೊ ಪಾರ್ಟಿ ಸಿದ್ಧ. ಹೊಸ ಸಿನಿಮಾದ ಹಾಡನ್ನು ಬೇಗ ಕೈಗೆ ಕೂರಿಸಿಕೊಳ್ಳಬೇಕು; ಹೋದ ವರ್ಷದ್ದು ಹೊಡೆದರೆ ಕಾಲು ಏಳುವುದಿಲ್ಲ.

ಆಮೇಲೆ ಬಂದ ಡಿಜೆ ಹತ್ತು ಜನರ ಕೆಲಸವನ್ನು ಒಂದು ಲ್ಯಾಪ್‌ಟಾಪಿಗೆ ಇಳಿಸಿದ. ಹಿಟ್ ಆದ ಹಾಡಿನ ಓಟ ಹೆಚ್ಚಿಸಿ, ಅಡಿಯಲ್ಲಿ ಹಲಗಿಯ ಪೆಟ್ಟು ಹಾಕಿ, ನಡುನಡುವೆ ತನ್ನ ಹೆಸರು ಕೂಗಿಸುತ್ತಾನೆ. ಬೇರೆಯವರು ಕದಿಯಬಾರದೆಂದು ಹಾಕಿದ ಆ ಕೂಗೇ ಮುಂದಿನ ಚೌತಿಗೆ ಹಾಡಿನ ವಯಸ್ಸು ಹೇಳಿಬಿಡುತ್ತದೆ.

ಹಾಡುಗಳು ಗಡಿಯನ್ನೇನೂ ಕೇಳಿ ದಾಟುವುದಿಲ್ಲ. 2016ರ ಮರಾಠಿ ‘ಸೈರಾಟ್’ ಚಿತ್ರದ ಅಜಯ್-ಅತುಲ್ ಮಟ್ಟುಗಳು ಮರುವರ್ಷವೇ ‘ಮನಸು ಮಲ್ಲಿಗೆ’ಯಾಗಿ ಕನ್ನಡಕ್ಕೆ ಬಂದವು. ಬೆಳಗಾವಿ ಜಿಲ್ಲೆಯ ಮಾಳು ನಿಪನಾಳರಂಥವರ ಜಾನಪದ ಹಾಡುಗಳಿಗೂ ಡಿಜೆ ರೂಪ ತಪ್ಪಿಲ್ಲ.

ಹಾಡು ಸತ್ತರೂ ಸದ್ದು ಸಾಯದಿರುವುದು ಈ ಕಸುಬಿನ ವಿಚಿತ್ರ. ರೋಲೆಂಡ್ ಕಂಪನಿ 1980ರಲ್ಲಿ ತಂದ ಟಿಆರ್-808 ಡ್ರಮ್ ಯಂತ್ರ ಮೂರೇ ವರ್ಷಕ್ಕೆ ನಿಂತಿತು. ಅದರ ಧಂ ಎನ್ನುವ ಬೇಸ್ ಇಂದಿಗೂ ಜಗತ್ತಿನ ಡಿಜೆಗಳ ಬಂಡವಾಳ. ಅದೇ ಯಂತ್ರದ ಮೇಲೆ ಮುಂಬೈಯ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೊಗೆ ಕೂರಿಸಿದಾಗ ಕೇಳುವವರಿರಲಿಲ್ಲ. 2010ರಲ್ಲಿ ಆ ರೆಕಾರ್ಡು ಮತ್ತೆ ಹೊರಬಂದಾಗ ಯುರೋಪು ಬೆರಗಾಯಿತು.

ಈ ಸದ್ದಿಗೆ ಕಡಿವಾಣವೂ ಇದೆ: 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್ ಮಿತಿ ಹಾಕಿವೆ, ರಾತ್ರಿ 10ರ ನಂತರ ಧ್ವನಿವರ್ಧಕಕ್ಕೆ ತಡೆ ಇಟ್ಟಿವೆ. ಕೊಲ್ಹಾಪುರದಲ್ಲಿ ಡಾಲ್ಬಿಮುಕ್ತ ಗಣೇಶೋತ್ಸವದ ಕೂಗೂ ಎದ್ದಿತು. ಡಾಲ್ಬಿ ಬಂದಾದ ಕಡೆ ಹಲಗಿಯವರಿಗೆ ಕರೆ ಹೋಗುತ್ತದೆ. ಅವರು ದಾರಿಬದಿ ಒಂದಿಷ್ಟು ಕಬ್ಬಿನ ರವದಿಗೆ ಬೆಂಕಿ ಹಚ್ಚಿ, ಚರ್ಮ ಬಿಗಿಯಾಗುವ ತನಕ ಹಲಗಿ ಕಾಯಿಸುತ್ತಾರೆ. ಬೆರಳಿಂದ ತಟ್ಟಿ ನೋಡಿ, ಸಾಲದೆನಿಸಿದರೆ ಮತ್ತೆ ಉರಿಗೆ ಹಿಡಿಯುತ್ತಾರೆ.