ವಾರೀಸು ಹಂಚಿಕೆಯಿಂದ ಬಹುಪದೋಕ್ತಿಯವರೆಗೆ

ಅರೆಕೆರೆಯ ನಮ್ಮ ಮನೆಗಳಲ್ಲಿ ಮಗ್ರಿಬ್ ನಮಾಝಿನ ಬಳಿಕ ಮಕ್ಕಳು ಒಂಬತ್ತನೆಯ ತರಗತಿಯ ಗಣಿತ ಪುಸ್ತಕ ತೆರೆಯುತ್ತಾರೆ. ಬಹುಪದೋಕ್ತಿಯ ಪದಗಳು ಯಾವುವು, ಅದರ ಮಹತ್ತಮ ಘಾತವೆಷ್ಟು, ಆ ಘಾತವಿರುವ ಪದದ ಸಹಗುಣಕವೇನು ಎಂಬುದು ಅಲ್ಲಿನ ಪ್ರಶ್ನೆ. ಇದಕ್ಕೂ ದೀನ್‌ಗೂ ಏನು ಸಂಬಂಧವೆಂದು ಅನೇಕ ಹೆತ್ತವರು ಭಾವಿಸುತ್ತಾರೆ. ಇತಿಹಾಸವು ಬೇರೆಯದನ್ನೇ ಹೇಳುತ್ತದೆ.

ಕ್ರಿ.ಶ. 813ರಿಂದ 833ರವರೆಗೆ ಆಳಿದ ಅಬ್ಬಾಸಿ ಖಲೀಫಾ ಮಅಮೂನ್‌ನ ಕಾಲದಲ್ಲಿ, ಬಗ್ದಾದಿನ ವಿದ್ವಾಂಸ ಮುಹಮ್ಮದ್ ಇಬ್ನ್ ಮೂಸಾ ಅಲ್ ಖವಾರಿಝ್ಮಿ 'ಅಲ್ ಜಬ್ರ್ ವಲ್ ಮುಕಾಬಲ'ದ ಕುರಿತು ಗ್ರಂಥ ರಚಿಸಿದರು. ವಾರೀಸು, ವಸಿಯ್ಯತ್, ವ್ಯಾಪಾರ, ಭೂಮಿಯ ಅಳತೆ ಮುಂತಾದವುಗಳಲ್ಲಿ ಜನರಿಗೆ ನೆರವಾಗುವುದೇ ಅದರ ಉದ್ದೇಶವೆಂದು ಅವರು ಪೀಠಿಕೆಯಲ್ಲಿ ತಿಳಿಸಿದ್ದಾರೆ. ಗ್ರಂಥದ ಬಹುದೊಡ್ಡ ಭಾಗ ವಸಿಯ್ಯತ್ ಮತ್ತು ವಾರೀಸಿನ ಲೆಕ್ಕಗಳಿಗೇ ಮೀಸಲಾಗಿದೆ.

ಅವರಲ್ಲಿ ಇಂದಿನ ಚಿಹ್ನೆಗಳಿರಲಿಲ್ಲ. ಎಲ್ಲವೂ ಮಾತಿನಲ್ಲೇ ಇತ್ತು. ಅಜ್ಞಾತ ಸಂಖ್ಯೆ 'ಜಿದ್ರ್', ಅದರ ವರ್ಗ 'ಮಾಲ್', ಬಿಡಿ ಸಂಖ್ಯೆ 'ದಿರ್ಹಮ್'. ಅವರ ಒಂದು ಉದಾಹರಣೆ: ಎರಡು ಮಾಲ್ ಮತ್ತು ಹತ್ತು ಜಿದ್ರ್ ಸೇರಿ 48 ದಿರ್ಹಮ್. ಇಲ್ಲಿ ಮಾಲ್, ಜಿದ್ರ್, ದಿರ್ಹಮ್‌ಗಳೇ ಮೂರು ಪದಗಳು. ಮಾಲ್ ವರ್ಗವಾದ್ದರಿಂದ ಮಹತ್ತಮ ಘಾತ 2; ಆ ಪದದ ಸಹಗುಣಕವೂ 2. ಅವರು ಮೊದಲು ಆ ಸಹಗುಣಕವನ್ನು ಒಂದಕ್ಕೆ ಇಳಿಸಿ, ಎಲ್ಲವನ್ನೂ ಅರ್ಧ ಮಾಡುತ್ತಾರೆ: ಒಂದು ಮಾಲ್, ಐದು ಜಿದ್ರ್, 24 ದಿರ್ಹಮ್. ಉತ್ತರ 3, ಏಕೆಂದರೆ 9 ಮತ್ತು 15 ಸೇರಿ 24.

11ನೆಯ ಶತಮಾನದ ಆರಂಭದಲ್ಲಿ ಅಲ್ ಕರಜಿ ಘನವಾದ 'ಕಅಬ್', ನಾಲ್ಕನೆಯ ಘಾತವಾದ 'ಮಾಲ್ ಮಾಲ್' ಹೀಗೆ ಮೇಲಿನ ಘಾತಗಳ ಗಣಿತವನ್ನು ಬೆಳೆಸಿದರು. 12ನೆಯ ಶತಮಾನದಲ್ಲಿ, ಯಹೂದಿ ಮನೆತನದಲ್ಲಿ ಹುಟ್ಟಿ ಮುಂದೆ ಇಸ್ಲಾಮ್ ಸ್ವೀಕರಿಸಿದ ಅಸ್ಸಮವ್‌ಅಲ್, ಸಹಗುಣಕಗಳನ್ನು ಘಾತಗಳ ಕ್ರಮದಲ್ಲಿ ಕೋಷ್ಟಕವಾಗಿ ಬರೆದರು. ಯಾವುದಾದರೂ ಘಾತದ ಪದ ಇಲ್ಲದಿದ್ದರೆ ಅದರ ಸ್ಥಾನದಲ್ಲಿ ಸೊನ್ನೆ ಇಟ್ಟರು; ಸ್ಥಾನವನ್ನು ಮಾತ್ರ ಅಳಿಸಲಿಲ್ಲ.

ಸೂರಃ ಅನ್ನಿಸಾದ 11 ಮತ್ತು 12ನೆಯ ವಚನಗಳು ಮಗಳು, ತಾಯಿ, ಪತ್ನಿಯರ ಪಾಲನ್ನು ನಿಗದಿಪಡಿಸಿವೆ. ಇಲ್ಲದ ಪದಕ್ಕೂ ಸ್ಥಾನ ಕೊಟ್ಟವರ ಪರಂಪರೆಯವರಾದ ನಾವು, ಕಣ್ಣೆದುರಿಗಿರುವ ಸಹೋದರಿಯನ್ನೇ ಲೆಕ್ಕದಿಂದ ಬಿಟ್ಟು ಆಸ್ತಿ ಹಂಚಿಕೊಳ್ಳುವುದು ಎಷ್ಟು ಸರಿ? ಮಕ್ಕಳಿಗೆ ಬಹುಪದೋಕ್ತಿ ಕಲಿಸುವಾಗ ಆ ವಿದ್ಯೆ ಯಾರ ಹಕ್ಕಿಗಾಗಿ ಬೆಳೆಯಿತೆಂಬುದನ್ನೂ ತಿಳಿಸೋಣ. ಅಲ್ಲಾಹನು ನಮಗೆ ಪ್ರಯೋಜನಕಾರಿ ಜ್ಞಾನವನ್ನೂ ನ್ಯಾಯದಿಂದ ಹಂಚುವ ಮನಸ್ಸನ್ನೂ ಕರುಣಿಸಲಿ. ಆಮೀನ್.