ಎರವಲು ತಂದ ಕೋಡಿನ ಕಥೆ

ಒಮ್ಮೆ ಸಾಧಿಸಿದ ಪ್ರಮೇಯವನ್ನು ನಾವು ಪ್ರತಿ ಲೆಕ್ಕದಲ್ಲೂ ಮತ್ತೆ ಸಾಧಿಸುವುದಿಲ್ಲ. ಹೆಸರು ಹೇಳಿ ಬಳಸುತ್ತೇವೆ. ಕಂಪ್ಯೂಟರಿನಲ್ಲೂ ಈ ಪದ್ಧತಿ ಹಳೆಯದೇ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ 1949ರಲ್ಲಿ ಕೆಲಸ ಆರಂಭಿಸಿದ ಎಡ್ಸಾಕ್ ಯಂತ್ರಕ್ಕಾಗಿ ಮಾರಿಸ್ ವಿಲ್ಕ್ಸ್, ಡೇವಿಡ್ ವೀಲರ್ ಮೊದಲಾದವರು ಪದೇ ಪದೇ ಬೇಕಾಗುವ ಲೆಕ್ಕಗಳನ್ನು ರಂಧ್ರ ಕೊರೆದ ಕಾಗದದ ಪಟ್ಟಿಗಳಲ್ಲಿ ಸಿದ್ಧಮಾಡಿಟ್ಟರು. ಬೇಕಾದವರು ಅದರ ಪ್ರತಿ ತೆಗೆದು ತಮ್ಮ ಪ್ರೋಗ್ರಾಮಿಗೆ ಸೇರಿಸುತ್ತಿದ್ದರು.

ಮುಂದೆ ಪಟ್ಟಿಯ ಜಾಗಕ್ಕೆ ಕಡತ ಬಂತು. 1994ರಲ್ಲಿ ಬಂದ ಪರ್ಲ್ 5ರಲ್ಲಿ 'ಯೂಸ್' ಎಂಬ ಒಂದು ಸಾಲು ಬರೆದರೆ ಸಾಕು, ಬೇರೆ ಕಡತದ ಕೋಡ್ ಬಂದು ಸೇರುತ್ತದೆ. ಪಿಎಚ್‌ಪಿಯಲ್ಲಿ ಅದೇ 'ಇನ್‌ಕ್ಲೂಡ್', ಪೈಥಾನ್‌ನಲ್ಲಿ 'ಇಂಪೋರ್ಟ್'. 1995ರಲ್ಲಿ ಪರ್ಲ್ ಬಳಗದವರು ಸಿಪ್ಯಾನ್ ಎಂಬ ಭಂಡಾರ ತೆರೆದರು. ಎಲ್ಲೋ ಯಾರೋ ಬರೆದದ್ದು ಎಲ್ಲರಿಗೂ ಉಚಿತವಾಗಿ ಸಿಕ್ಕಿತು.

ಎರವಲಿನಲ್ಲಿ ಅಪಾಯವೂ ಇದೆ. 2016ರ ಮಾರ್ಚ್‌ನಲ್ಲಿ ಜಾವಾಸ್ಕ್ರಿಪ್ಟ್‌ನ ಎನ್‌ಪಿಎಂ ಭಂಡಾರದಿಂದ 'ಲೆಫ್ಟ್-ಪ್ಯಾಡ್' ಎಂಬ 11 ಸಾಲಿನ ಕೋಡನ್ನು ಬರೆದವರೇ ಹಿಂತೆಗೆದರು. ಅದನ್ನು ನೆಚ್ಚಿದ್ದ ಸಾವಿರಾರು ಪ್ರಾಜೆಕ್ಟುಗಳ ಕೆಲಸ ನಿಂತಿತು. ಕೆಲವೇ ಗಂಟೆಗಳಲ್ಲಿ ಭಂಡಾರದವರು ಅದನ್ನು ಮರಳಿ ಇಡಬೇಕಾಯಿತು.

ಮಕ್ಕಳಿಗೆ ಕೋಡ್ ಕಲಿಸುವಾಗ ನಾವು ಎರಡನ್ನೂ ಹೇಳಬೇಕು. ಎರವಲು ತರುವುದು ತಪ್ಪಲ್ಲ. ಆದರೆ ಅದು ಯಾರದು, ಒಳಗೆ ಏನಿದೆ ಎಂಬುದು ತಂದವರಿಗೆ ತಿಳಿದಿರಬೇಕು.