ಹಿಮಮಳೆಯಲ್ಲಿ ಓಡಿದವರು

ಅಮೆರಿಕದ ಬಾಸ್ಟನ್ ನಗರದಲ್ಲಿ 1897ರಲ್ಲಿ ಶುರುವಾದ ಒಂದು ರಸ್ತೆ ಓಟವಿದೆ. ಹಾಪ್ಕಿಂಟನ್ ಎಂಬ ಸಣ್ಣ ಊರಿನಿಂದ ಹೊರಟು, ಹಲವು ಊರುಗಳನ್ನು ದಾಟಿ ಬಾಸ್ಟನ್ನಿನ ನಡುಪೇಟೆ ಸೇರುವ 42 ಕಿಲೋಮೀಟರಿನ ಮ್ಯಾರಥಾನ್. ಓಟ ನಡೆಯುವುದು ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ. ಅಲ್ಲಿ ಅದು ಚಳಿಗಾಲ ಪೂರ್ತಿ ಹೋಗಿರದ, ಬೇಸಿಗೆ ಇನ್ನೂ ಬಂದಿರದ ಕಾಲ. ಒಂದು ವರ್ಷ ಸುಡುಬಿಸಿಲು, ಇನ್ನೊಂದು ವರ್ಷ ಹಿಮ ಬೆರೆತ ಮಳೆ. ಮೊದಲ ಎಪ್ಪತ್ತೈದು ವರ್ಷ ಈ ಓಟ ಗಂಡಸರದ್ದಾಗಿಯೇ ಇತ್ತು. 1967ರಲ್ಲಿಯೂ ನಿಯಮಗಳ ಪುಸ್ತಕದಲ್ಲಿ ಹೆಂಗಸರು ಓಡಕೂಡದೆಂದು ಬರೆದಿರಲಿಲ್ಲ. ಬರೆಯುವ ಅಗತ್ಯವೇ ಯಾರಿಗೂ ಕಂಡಿರಲಿಲ್ಲ ಎಂದು ಕಾಣುತ್ತದೆ.

ಹೆಣ್ಣಿನ ದೇಹ ದೂರದ ಓಟವನ್ನು ತಾಳದು ಎಂಬ ನಂಬಿಕೆ ಆಗ ವೈದ್ಯರಿಂದ ಹಿಡಿದು ಪತ್ರಿಕೆಯವರವರೆಗೆ ಎಲ್ಲರಲ್ಲೂ ಇತ್ತು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ 800 ಮೀಟರ್ ಓಟ ಇಟ್ಟಿದ್ದರು. ಓಡಿದವರೆಲ್ಲ ಗುರಿ ಮುಟ್ಟಿದರು. ಆದರೆ ಅವರು ದಾರಿಯಲ್ಲೇ ಕುಸಿದುಬಿದ್ದರೆಂದು ಪತ್ರಿಕೆಗಳು ಬಣ್ಣ ಕಟ್ಟಿ ಬರೆದವು. ಆ ಓಟವನ್ನೇ ತೆಗೆದುಹಾಕಲಾಯಿತು. ಅದು ಮರಳಿ ಬಂದದ್ದು 1960ರಲ್ಲಿ. ದೂರ ಓಡಿದರೆ ಗರ್ಭಕೋಶ ಜಾರುತ್ತದೆ, ಎದೆಯ ಮೇಲೆ ಕೂದಲು ಬೆಳೆಯುತ್ತದೆ ಎಂಬಂಥ ಮಾತುಗಳನ್ನು ಓದಿದ ಜನರೇ ನಂಬಿದ್ದರು. ಇಂಥವನ್ನು ಕೇಳಿ ನಗಬಹುದು. ಆದರೆ ಹೆಣ್ಣನ್ನು ಮನೆಯೊಳಗೆ ಇರಿಸಲು ಅವಳ ಮೈಯನ್ನೇ ಸಾಕ್ಷಿಗೆ ಕರೆಯುವ ಚಾಳಿ ಯಾವ ದೇಶದಲ್ಲಿ, ಯಾವ ಸಮಾಜದಲ್ಲಿ ಇಲ್ಲ?

1966ರಲ್ಲಿ ಬಾಬಿ ಗಿಬ್ ಎಂಬ ಯುವತಿ ಬಾಸ್ಟನ್ ಓಟಕ್ಕೆ ಅರ್ಜಿ ಕೇಳಿ ಪತ್ರ ಬರೆದಳು. ಹೆಂಗಸರಿಗೆ ಅಷ್ಟು ದೂರ ಓಡುವ ಶರೀರಶಕ್ತಿಯಿಲ್ಲ ಎಂಬ ಉತ್ತರ ಬಂತು. ಅವಳು ಅಣ್ಣತಮ್ಮಂದಿರ ಚಡ್ಡಿ, ಟೊಪ್ಪಿಗೆಯ ಅಂಗಿ ತೊಟ್ಟು ಪೊದೆಯ ಮರೆಯಲ್ಲಿ ಕಾದು, ಓಟ ಹೊರಟಾಗ ಗುಂಪಿನೊಳಗೆ ಸೇರಿಕೊಂಡಳು. 3 ಗಂಟೆ 21 ನಿಮಿಷದಲ್ಲಿ ಮುಗಿಸಿದಳು. ಗಂಡಸರಲ್ಲಿ ಹೆಚ್ಚಿನವರು ಅವಳ ಹಿಂದಿದ್ದರು. ಆದರೆ ಅವಳ ಎದೆಯ ಮೇಲೆ ನಂಬರ್ ಇರಲಿಲ್ಲ. ಹಾಗಾಗಿ ಲೆಕ್ಕದ ಪುಸ್ತಕದಲ್ಲಿ ಅವಳು ಓಡಿರಲೇ ಇಲ್ಲ!

ಮರುವರ್ಷ ನಂಬರ್ ಸಮೇತ ಒಬ್ಬಳು ಬಂದಳು. ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಇಪ್ಪತ್ತು ವರ್ಷದ ಕ್ಯಾಥರಿನ್ ಸ್ವಿಟ್ಜರ್. ಅವಳನ್ನು ಪಳಗಿಸುತ್ತಿದ್ದವರು ಅದೇ ವಿಶ್ವವಿದ್ಯಾಲಯದಲ್ಲಿ ಟಪಾಲು ಹಂಚುತ್ತಿದ್ದ ಆರ್ನಿ ಬ್ರಿಗ್ಸ್. ಬಾಸ್ಟನ್ ಓಟವನ್ನು ಹಲವು ಸಲ ಓಡಿದ್ದವರು. ಮ್ಯಾರಥಾನ್ ಹೆಂಗಸರಿಂದಾಗದು ಎಂದು ಅವರೂ ಮೊದಲು ವಾದಿಸಿದ್ದರು. ಓಡಿ ತೋರಿಸು, ನಾನೇ ಕರೆದುಕೊಂಡು ಹೋಗುತ್ತೇನೆ ಎಂದರು. ಅವಳು ಅಭ್ಯಾಸದಲ್ಲಿ ಮ್ಯಾರಥಾನ್ ದೂರ ಮುಗಿಸಿ, ಇನ್ನೂ ಐದು ಮೈಲಿ ಓಡೋಣವೆಂದಳು. ಓಡಿ ಮುಗಿದಾಗ ಕುಸಿದದ್ದು ಬ್ರಿಗ್ಸ್! ಆಮೇಲೆ ಹೆಸರು ನೋಂದಾಯಿಸಿಯೇ ಓಡಬೇಕೆಂದು ಪಟ್ಟು ಹಿಡಿದವರೂ ಅವರೇ. ಅವಳು ಎಂದಿನಂತೆ ಕೆ. ವಿ. ಸ್ವಿಟ್ಜರ್ ಎಂದು ಸಹಿ ಮಾಡಿದಳು. ಸಿಕ್ಕಿದ ನಂಬರ್ 261.

1967ರ ಏಪ್ರಿಲ್ 19ರ ಬೆಳಗ್ಗೆ ಹಿಮ ಬೆರೆತ ಮಳೆ, ಚುಚ್ಚುವ ಗಾಳಿ. ಅಂದಿಗೆಂದು ಅವಳು ಒಪ್ಪವಾದ ಉಡುಪನ್ನು ತಂದಿದ್ದಳು. ಅದರ ಮೇಲೆ ದೊಗಳೆ ಬೂದು ಅಂಗಿ, ಉದ್ದ ಪ್ಯಾಂಟು ತೊಡಬೇಕಾಯಿತು. ಗಂಡಸರೂ ಅಂಥದ್ದನ್ನೇ ತೊಟ್ಟು ಮುದುಡಿ ನಿಂತಿದ್ದರು. ಯಾರು ಯಾರೆಂದು ಗೊತ್ತಾಗದಂತೆ ಚಳಿಯೇ ಎಲ್ಲರಿಗೂ ಒಂದೇ ವೇಷ ಹಾಕಿಸಿತ್ತು. ಆದರೂ ಅವಳು ತುಟಿಯ ಬಣ್ಣ ಒರೆಸಿಕೊಳ್ಳಲಿಲ್ಲ. ಒರೆಸಿಕೋ ಎಂದು ಸ್ನೇಹಿತ ಹೇಳಿದರೂ ಕೇಳಲಿಲ್ಲ.

ಓಟ ಹೊರಟ ಸ್ವಲ್ಪ ಹೊತ್ತಿಗೇ ಪತ್ರಕರ್ತರ ಲಾರಿ ಅವಳ ಮುಂದೆ ಬಂತು. ಹೆಣ್ಣು ಓಡುತ್ತಿದೆ ಎಂದು ಗುಲ್ಲೆದ್ದಿತು. ಓಟದ ಮೇಲ್ವಿಚಾರಕ ಜಾಕ್ ಸೆಂಪಲ್ ಇಳಿದು ಬಂದು ಅವಳ ಹೆಗಲು ಹಿಡಿದು, ಎದೆಯ ಮೇಲಿನ ನಂಬರನ್ನು ಕೀಳಲು ಹೋದರು. ಜೊತೆಯಲ್ಲಿ ಓಡುತ್ತಿದ್ದ ಆ ಸ್ನೇಹಿತ, ಸುತ್ತಿಗೆ ಎಸೆತದ ಧಡೂತಿ ಆಳು, ಸೆಂಪಲ್‌ರನ್ನು ರಸ್ತೆಯ ಬದಿಗೆ ತಳ್ಳಿದ. ಕ್ಯಾಮೆರಾಗಳು ಎಲ್ಲವನ್ನೂ ಹಿಡಿದವು. ಅವಳ ಒಂದು ಕೈಗವಸು ಹೋಗಿತ್ತು. ನೆನೆದ ದಪ್ಪ ಬಟ್ಟೆ, ಮರಗಟ್ಟಿದ ಬೆರಳು. ಇನ್ನೂ ಮೂವತ್ತೆಂಟು ಕಿಲೋಮೀಟರಿನಷ್ಟು ದಾರಿ ಉಳಿದಿತ್ತು.

ಒಣಚಳಿ ದೂರದ ಓಟಗಾರನಿಗೆ ಶತ್ರುವಲ್ಲ. ಓಡುವ ಮೈ ಒಲೆಯಂತೆ ಕಾಯುತ್ತದೆ, ತಂಪು ಗಾಳಿ ಅದನ್ನು ಹದದಲ್ಲಿಡುತ್ತದೆ. ನೀರು ಹಾಗಲ್ಲ. ಗಾಳಿಗಿಂತ 20 ಪಟ್ಟಿಗೂ ಹೆಚ್ಚಾಗಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ನೆನೆದ ಬಟ್ಟೆಗೆ ಗಾಳಿ ತಾಗಿದರೆ ಕಾವು ಇನ್ನೂ ಬೇಗ ಸೋರುತ್ತದೆ. ಓಟ ನಿಧಾನವಾದಷ್ಟೂ ಹುಟ್ಟುವ ಕಾವು ಕಡಿಮೆ. ಮೊದಲು ಬೆರಳು ಮರಗಟ್ಟುತ್ತವೆ, ಆಮೇಲೆ ದವಡೆ ಅದುರುತ್ತದೆ, ಕಾಲಿನ ಸ್ನಾಯು ಬಿಗಿಯುತ್ತದೆ, ಕೊನೆಗೆ ಬುದ್ಧಿಯೂ ಮಂಕಾಗುತ್ತದೆ. ಆ ದಿನ ಬಿಟ್ಟುಬಿಡಲು ಅವಳಿಗೆ ಕಾರಣಗಳಿಗೇನೂ ಬರವಿರಲಿಲ್ಲ. ಬಿಟ್ಟರೆ ಹೆಂಗಸರಿಂದ ಆಗದು ಎಂದವರ ಮಾತೇ ನಿಜವಾಗುತ್ತಿತ್ತು. ಸುಮಾರು 4 ಗಂಟೆ 20 ನಿಮಿಷದಲ್ಲಿ ಮುಗಿಸಿದಳು. ಅಧಿಕೃತ ಪಟ್ಟಿಯಲ್ಲಿ ಅವಳ ಹೆಸರು ಸೇರಲಿಲ್ಲ.

ಅಂದು ಬಾಬಿ ಗಿಬ್ ಕೂಡ ನಂಬರಿಲ್ಲದೆ ಓಡಿ, ಅವಳಿಗಿಂತ ಸುಮಾರು ಒಂದು ಗಂಟೆ ಮುಂಚೆ ಗುರಿ ಮುಟ್ಟಿದ್ದಳು. ಅವಳನ್ನು ಯಾರೂ ಹಿಡಿದೆಳೆಯಲಿಲ್ಲ, ಚಿತ್ರವಾಗಲಿಲ್ಲ, ಆದ್ದರಿಂದ ಕಥೆಯೂ ಆಗಲಿಲ್ಲ. ಕಥೆ ಕಟ್ಟುವುದೇ ಕಸುಬಾದ ನಮಗೆ ಇದು ಸ್ವಲ್ಪ ಚುಚ್ಚುತ್ತದೆ. 1966ರಿಂದ 68ರವರೆಗಿನ ಅವಳ ಮೂರು ಗೆಲುವುಗಳನ್ನು ಬಾಸ್ಟನ್ ಸಂಘಟಕರು ಒಪ್ಪಿಕೊಂಡದ್ದು 1996ರಲ್ಲಿ.

1972ರಲ್ಲಿ ಹೆಂಗಸರಿಗೆ ಬಾಸ್ಟನ್ ಬಾಗಿಲು ತೆರೆಯಿತು. ಎಂಟು ಮಂದಿ ಹೊರಟರು, ಎಂಟೂ ಮಂದಿ ಮುಗಿಸಿದರು. ನೀನಾ ಕುಸ್ಸಿಕ್ ಮೊದಲಿಗಳಾದಳು. ಸೆಂಪಲ್ ಕೂಡ ಬದಲಾದರು. ಮರುವರ್ಷ ಓಟದ ಆರಂಭದಲ್ಲಿ ಅವರು ಸ್ವಿಟ್ಜರ್‌ಳ ಕೆನ್ನೆಗೆ ಮುತ್ತಿಟ್ಟ ಚಿತ್ರವೂ ಪತ್ರಿಕೆಗಳಲ್ಲಿ ಬಂತು. ಒಲಿಂಪಿಕ್ಸ್‌ಗೆ ಹೆಂಗಸರ ಮ್ಯಾರಥಾನ್ ಬಂದದ್ದು 1984ರಲ್ಲಿ. 1996ರಲ್ಲಿ ಆ ಚಿನ್ನ ಗೆದ್ದ ಇಥಿಯೋಪಿಯಾದ ಫಾತುಮಾ ರೋಬಾ 1997, 98, 99ರಲ್ಲಿ ಇದೇ ಬಾಸ್ಟನ್ ರಸ್ತೆಯಲ್ಲಿ ಸಾಲಾಗಿ ಗೆದ್ದರು.

2018ರ ಏಪ್ರಿಲ್ 16ರಂದು ಆ ರಸ್ತೆಗೆ ಹಳೆಯ ಮಳೆ ಮತ್ತೆ ಬಂತು. ಉಷ್ಣಾಂಶ 3-4 ಡಿಗ್ರಿ, ಸುರಿಮಳೆ, ಮುಖಕ್ಕೆ ಹೊಡೆಯುವ ಎದುರುಗಾಳಿ. ಹೆಸರಾಂತ ಓಟಗಾರರು ಒಬ್ಬರ ಹಿಂದೊಬ್ಬರು ದಾರಿಯಲ್ಲೇ ನಿಂತರು. ಗಂಡಸರಲ್ಲಿ ಗೆದ್ದವರು ಜಪಾನಿನ ಯೂಕಿ ಕವಾಉಚಿ, ಶಾಲೆಯೊಂದರ ಗುಮಾಸ್ತ. ಹೆಂಗಸರಲ್ಲಿ ಡೆಸ್ ಲಿಂಡೆನ್. ಶುರುವಿನಲ್ಲಿಯೇ ಆಕೆ ಇಂದು ತನ್ನಿಂದಾಗದು ಎಂದುಕೊಂಡಿದ್ದರು. ಹೇಗೂ ಬಿಡುವವಳು, ಬೇರೆಯವರಿಗಾದರೂ ನೆರವಾಗೋಣವೆಂದು ಸಂಗಾತಿ ಶಲೇನ್ ಫ್ಲ್ಯಾನಗನ್ ಶೌಚಕ್ಕೆ ನಿಂತಾಗ ಕಾದು, ಜೊತೆಗೂಡಿ ಮುಂದಿನ ಗುಂಪಿಗೆ ಸೇರಿಸಿದರು. ಓಡುತ್ತ ಓಡುತ್ತ ತಾವೇ ಮುಂದಾದರು. ಗೆದ್ದ ಸಮಯ 2 ಗಂಟೆ 39 ನಿಮಿಷ 54 ಸೆಕೆಂಡು. ಅಷ್ಟು ನಿಧಾನದ ಗೆಲುವು ಹೆಂಗಸರ ವಿಭಾಗದಲ್ಲಿ ನಲವತ್ತು ವರ್ಷಗಳಿಂದ ಬಂದಿರಲಿಲ್ಲ.

ಆ ದಿನ ಓಟ ಕೈಬಿಟ್ಟವರು ಗಂಡಸರಲ್ಲಿ ಸುಮಾರು ಶೇಕಡಾ 5, ಹೆಂಗಸರಲ್ಲಿ ಶೇಕಡಾ 4ಕ್ಕಿಂತ ಕಡಿಮೆ. ಹೆಂಗಸರ ಮೈಯಲ್ಲಿ ಕೊಬ್ಬಿನ ಪದರ ತುಸು ಹೆಚ್ಚು, ಅದು ಚಳಿಗೆ ತಡೆ ಎಂದರು ಕೆಲವರು. ಅವರು ಹದವರಿತು ಓಡುತ್ತಾರೆ ಎಂದರು ಇನ್ನು ಕೆಲವರು. ಒಂದು ದಿನದ ಅಂಕಿಯಿಂದ ಪ್ರಕೃತಿಯ ನಿಯಮ ಬರೆಯಬಾರದು. ಹಾಗೆ ಬರೆದವರ ಗತಿ ಏನಾಯಿತೆಂದು ಮೇಲೆಯೇ ನೋಡಿದ್ದೇವೆ.

ಎರಡನೆಯವಳಾಗಿ ಬಂದವಳು ಸಾರಾ ಸೆಲ್ಲರ್ಸ್, ಅರಿಜೋನಾದ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ನರ್ಸ್. ಪಾಳಿಗೆ ಮುಂಚೆ ನಸುಕಿನಲ್ಲೋ, ಪಾಳಿ ಮುಗಿದ ಸಂಜೆಯಲ್ಲೋ ಓಡಿ ಅಭ್ಯಾಸ ಮಾಡಿದವಳು, ಶುಲ್ಕವನ್ನು ಕೈಯಿಂದಲೇ ಕಟ್ಟಿ ಬಂದವಳು. ಮಳೆಯ ತೆರೆಯಲ್ಲಿ ತನ್ನ ಮುಂದೆ ಎಷ್ಟು ಜನರಿದ್ದಾರೆಂದು ಅವಳಿಗೆ ಗೊತ್ತಾಗಿರಲಿಲ್ಲ. ಗೆರೆ ದಾಟಿದ ಮೇಲೆ, ತಾನು ಎಷ್ಟನೆಯವಳು ಎಂದು ಅಲ್ಲಿದ್ದವರನ್ನು ಕೇಳಿದಳು. ಎರಡನೆಯವಳು ಎಂದರು. ಅವಳು ನಂಬಲಿಲ್ಲ.